ಸೀಟಿಗಾಗಿ ಒಂದು ಸೀನು

“ಪ್ರಳಯವೇ ಆಗಲಿ, ಈ ಮೂಗಿಗೆ ಬಟ್ಟೆ ಕಟ್ಟೋನಲ್ಲ ನಾನು!”

ಎರಡು ಸಾವಿರದ ಒಂಬತ್ತನೇ ಇಸವಿಯ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಅಣ್ಣಾ ನಗರದ ತಮ್ಮ ಫ್ಲ್ಯಾಟಿನ ಹಾಲಿನಲ್ಲಿ ನಿಂತು ತಿರುಮಲೇಶರಾಯರು ಹೀಗೆ ಪ್ರತಿಜ್ಞೆ ಮಾಡಿದರು. ಭೀಷ್ಮರ ಪ್ರತಿಜ್ಞೆಗೆ ದೇವತೆಗಳು ಹೂಮಳೆ ಸುರಿಸಿದ್ದರಂತೆ. ರಾಯರ ಪ್ರತಿಜ್ಞೆಗೆ ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ಹುರುಳಿಕಾಯಿಯ ನಾರು ತೆಗೆಯುತ್ತ, “ಸರಿ, ಕಟ್ಟಬೇಡಿ. ಕಾಫಿ ಲೋಟ ತೊಳೆಯೋಕೆ ಹಾಕಿ” ಎಂದರು.

ಮಗಳು ಶ್ರೀಪ್ರಿಯಾ ಮಾತ್ರ ಬಿಡಲಿಲ್ಲ. ಹುಟ್ಟಿ ಬೆಳೆದದ್ದು ಮದ್ರಾಸಿನಲ್ಲಿ. ಅಪ್ಪ ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ಅಭ್ಯಾಸ. “ಅಪ್ಪಾ, ಕಾಲೇಜ್‌ಲೆ ಎಲ್ಲಾರುಂ ಪೋಡ್ರಾಂಗೊ-ಪಾ!”

“ಎಲ್ಲಾರೂ ಹಾಕ್ಕೊಂಡರೆ ನಾನೂ ಹಾಕ್ಕೋಬೇಕಾ? ಮುತ್ತಾತ ಪ್ಲೇಗ್ ನೋಡಿದ, ತಾತ ಕಾಲರಾ ನೋಡಿದ. ಒಂದು ಹಂದಿಗೆ ಹೆದರಿ ನಾನು ಮುಸುಕು ಹಾಕ್ಕೊಳ್ಳಲಾ?”

“ಮುತ್ತಾತ ಪ್ಲೇಗ್‌ನಲ್ಲೇ ಹೋಗಿದ್ದು ಅಂತ ಅತ್ತೆ ಹೇಳಿದ್ದರು” ಎಂದರು ಲಕ್ಷ್ಮೀಬಾಯಿ, ಹುರುಳಿಕಾಯಿಯಿಂದ ತಲೆ ಎತ್ತದೆ.

ರಾಯರಿಗೆ ಸಿಟ್ಟು ಬರಲು ಕಾರಣವಿತ್ತು. ಹಂದಿ ಜ್ವರದ ಸುದ್ದಿ ಬಂದಾಗಿನಿಂದ ಊರಿಗೆ ಊರೇ ಬುದ್ಧಿಯನ್ನು ಅಡವಿಟ್ಟಂತೆ ಕಾಣುತ್ತಿತ್ತು ಅವರಿಗೆ. ಮಾಸ್ಕ್ ಸಿಕ್ಕವರು ಮಾಸ್ಕ್ ಕಟ್ಟಿದರು, ಸಿಗದವರು ಕರ್ಚೀಫು ಕಟ್ಟಿದರು, ಅದೂ ಇಲ್ಲದವರು ಪಂಚೆಯ ತುದಿಯನ್ನೇ ಮೂಗಿಗೆತ್ತಿ ಕಾಲಿನ ಮಾನ ಬಿಟ್ಟರು. ಮಾಸ್ಕ್ ಕಟ್ಟಿದವರೂ ಸೆಲ್‌ಫೋನಿನಲ್ಲಿ ಮಾತನಾಡುವಾಗ ಅದನ್ನು ಗದ್ದಕ್ಕೆ ಇಳಿಸುವುದು, ಸುಮ್ಮನೆ ಕೇಳಿಸಿಕೊಳ್ಳುವಾಗ ಮೂಗಿಗೆ ಏರಿಸುವುದು! ರಾಯರ ಆಫೀಸಿನ ಮ್ಯಾನೇಜರು ಮಾತು ಹೊರಗೆ ಕೇಳಿಸದಷ್ಟು ದಪ್ಪದ ಬಟ್ಟೆ ಕಟ್ಟಿಕೊಂಡು ಬಂದು, ಅದನ್ನು ಎತ್ತಿ ಬೆರಳಿಗೆ ಎಂಜಲು ಹಚ್ಚಿ ಫೈಲು ತಿರುವುತ್ತಿದ್ದ. ಕರ್ಪೂರ, ಏಲಕ್ಕಿ ಗಂಟು ಕಟ್ಟಿ ಮೂಸಿದರೆ ರೋಗ ಹತ್ತಿರ ಬರುವುದಿಲ್ಲವೆಂದು ಯಾರೋ ಹೇಳಿದ್ದೇ ತಡ, ಬಸ್ಸುಗಳೆಲ್ಲ ದೇವಸ್ಥಾನದ ಗರ್ಭಗುಡಿಯ ಹಾಗೆ ಘಮಘಮಿಸತೊಡಗಿದವು.

ಆ ಘಮಘಮವೇ ರಾಯರ ಭಾಗ್ಯದ ಬಾಗಿಲು ತೆರೆದದ್ದು.

ಅವರ ಆಫೀಸು ಬ್ರಾಡ್‌ವೇ ಬಳಿ. ಇಪ್ಪತ್ತಾರು ವರ್ಷದಿಂದ ಅವರು ಅಲ್ಲಿಗೆ ಹೋಗುವ ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡಿದ್ದರು. ಅವರ ಸ್ಟಾಪಿಗೆ ಬರುವಷ್ಟರಲ್ಲಿ ಬಸ್ಸು ತುಂಬಿರುತ್ತಿತ್ತು. ಕೂತವರು ಯಾರೂ ಬ್ರಾಡ್‌ವೇವರೆಗೆ ಏಳುತ್ತಿರಲಿಲ್ಲ. ಅವತ್ತು ಪಕ್ಕದವನ ಕರ್ಚೀಫಿನ ನೀಲಗಿರಿ ಎಣ್ಣೆಯ ಘಾಟು ಮೂಗಿಗೆ ಹೊಡೆದು, ರಾಯರು ಜೋರಾಗಿ ಒಂದು ಸೀನು ಸೀನಿದರು. ಒಂಟಿ ಸೀನು ಅಪಶಕುನವೆಂದು ಅವರ ತಾಯಿ ಕಲಿಸಿದ್ದ ಪಾಠ. ಆದ್ದರಿಂದ ಶಾಸ್ತ್ರಕ್ಕೆ ಲೋಪ ಬಾರದಿರಲೆಂದು ಇನ್ನೊಂದನ್ನು ತಾವೇ ಸ್ವಂತವಾಗಿ ತಯಾರಿಸಿ ಸೀನಿದರು.

“ಆ... ಆಕ್ಷೀ!”

ಎದುರಿನ ಸೀಟಿನ ಇಬ್ಬರು ಸ್ಪ್ರಿಂಗಿನ ಹಾಗೆ ಎದ್ದರು. ಒಬ್ಬನಿಗೆ ಇಳಿಯುವ ಸ್ಟಾಪು ಬಂತಂತೆ. ಇನ್ನೊಬ್ಬ ಕಾರಣವನ್ನೂ ಹೇಳದೆ ಮುಂಬಾಗಿಲಿಗೆ ನುಗ್ಗಿದ. ಕಿಟಕಿಯ ಪಕ್ಕದ ಸೀಟು! ಇಪ್ಪತ್ತಾರು ವರ್ಷದ ತಪಸ್ಸಿಗೆ ಸಿಕ್ಕ ವರ! ರಾಯರು ಕೂತರು. ಗಾಳಿ ಬಂತು. ಕಣ್ಣು ತುಂಬಿ ಬಂತು.

ಮರುದಿನ ಪ್ರಯೋಗಕ್ಕೆಂದು ಒಂದು ಸೀನಿದರು. ಒಂದು ಸೀಟು ಖಾಲಿಯಾಯಿತು. ಅದರ ಮರುದಿನ ಎರಡು ಸೀನಿ ಮೇಲೊಂದು ಕೆಮ್ಮು ಸೇರಿಸಿದರು. ಹಿಂದಿನ ಬೆಂಚೂ ಖಾಲಿಯಾಗಿ, ಚೀಲಕ್ಕೆ ಬೇರೆ ಸೀಟು ಸಿಕ್ಕಿತು. ಬ್ಯಾಂಕಿನ ಕ್ಯೂನಲ್ಲಿ ಸೀನಿದರೆ ವಸುದೇವನಿಗೆ ಯಮುನೆ ದಾರಿ ಬಿಟ್ಟ ಹಾಗೆ ಜನ ಎರಡು ಪಾಲಾಗಿ ನಿಂತರು. ಹಾಲಿನ ಬೂತಿನಲ್ಲಿ ಸೀನುವುದೇ ಬೇಡ, ಮೂಗನ್ನು ಸ್ವಲ್ಪ ಮೇಲೆತ್ತಿದರೆ ಸಾಕಾಯಿತು. ಹತ್ತು ದಿನ ರಾಯರು ಮದ್ರಾಸಿನಲ್ಲಿ ಮಹಾರಾಜರಂತೆ ಓಡಾಡಿದರು. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ವಿದ್ಯೆ ಗುಟ್ಟಾಗಿದ್ದರೇ ಫಲ.

ಆದರೆ ಒಂದು ಸಣ್ಣ ವಿಷಯ ಅವರಿಗೆ ಹೊಳೆದಿರಲಿಲ್ಲ. ಊರೆಲ್ಲ ಮುಖ ಮುಚ್ಚಿಕೊಂಡಿರುವಾಗ ಮುಚ್ಚದ ಮುಖ ಎಲ್ಲರಿಗೂ ಕಾಣುತ್ತದೆ. ಆ ಮುಖಕ್ಕೆ ಮಾತ್ರ ಯಾರ ಗುರುತೂ ಸಿಗುವುದಿಲ್ಲ.

*

ನವರಾತ್ರಿ ಬಂತು. ಲಕ್ಷ್ಮೀಬಾಯಿಯವರು ಹಾಲಿನಲ್ಲಿ ಏಳು ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ ಬೊಂಬೆ ಕೂರಿಸಿದರು. ಬೊಂಬೆಗಳೆಲ್ಲ ಅವರ ಅತ್ತೆಯವು. ಮೈಲಾಪುರದ ಮಾಡ ಬೀದಿಯಲ್ಲಿ ಒಂದೊಂದಾಗಿ ಆರಿಸಿ ತಂದವು. ಅದರಲ್ಲಿ ದಶಾವತಾರದ ಸೆಟ್ಟು ಮುಖ್ಯ. ಮೂರನೆಯ ಬೊಂಬೆ ವರಾಹಸ್ವಾಮಿಯ ಮೂತಿ ಹಿಂದೊಮ್ಮೆ ಮನೆಗೆ ಬಣ್ಣ ಹೊಡೆಸುವಾಗ ಮುಕ್ಕಾಗಿ, ರಾಯರೇ ಎಂ-ಸೀಲ್ ಅಂಟು ಮೆತ್ತಿ ಸರಿಮಾಡಿದ್ದರು. ಅವರ ಕೈಗುಣಕ್ಕೆ ಮೂತಿ ಸ್ವಲ್ಪ ಮೇಲಕ್ಕೆ ತಿರುಗಿ, ಸ್ವಾಮಿ ಯಾವುದೋ ತಮಾಷೆಗೆ ನಗುತ್ತಿರುವಂತೆ ಕಾಣುತ್ತಿದ್ದ.

ಅತ್ತೆ ಹೋಗುವ ಮುಂಚೆ ಸೊಸೆಯ ಕೈ ಹಿಡಿದು ಹೇಳಿದ್ದು ಒಂದೇ ಮಾತು: “ಬೊಂಬೆ ಕೂರಿಸೋದು ದೊಡ್ಡದಲ್ಲ ಕಣೇ. ಜನ ಬಂದು ನೋಡಿದರೇ ಅದು ಬೊಂಬೆ, ಇಲ್ಲದಿದ್ದರೆ ಬರೀ ಮಣ್ಣು.” ವರ್ಷವಿಡೀ ಯಾರನ್ನೂ ಏನೂ ಕೇಳದ ಲಕ್ಷ್ಮೀಬಾಯಿಯವರಿಗೆ ಈ ಒಂಬತ್ತು ಸಂಜೆ ಮನೆ ತುಂಬ ಹೆಂಗಸರು ಬರಬೇಕು. ಹಾಡಬೇಕು, ಅರಿಶಿನ ಕುಂಕುಮ ತೆಗೆದುಕೊಳ್ಳಬೇಕು, ಅವರ ಕೈಯ ಉಸಲಿ, ಮದ್ರಾಸಿನವರ ಬಾಯಲ್ಲಿ ಸುಂಡಲ್, ತಿಂದು “ಉಪ್ಪು ಖಾರ ಹದವಾಗಿದೆ” ಅನ್ನಬೇಕು. ಅಷ್ಟೇ ಅವರ ಆಸೆ.

ಮೊದಲ ದಿನ ಶನಿವಾರ. ಲಕ್ಷ್ಮೀಬಾಯಿಯವರು ರೇಷ್ಮೆ ಸೀರೆ ಉಟ್ಟು, ದೀಪ ಹಚ್ಚಿ, ದೊಡ್ಡ ಬೋಗುಣಿಯಲ್ಲಿ ಕಡಲೆ ಸುಂಡಲ್ ಇಟ್ಟುಕೊಂಡು ಕೂತರು. ಐದಾಯಿತು, ಆರಾಯಿತು, ಏಳಾಯಿತು. ಬಾಗಿಲಿಗೆ ಬಂದದ್ದು ಇಸ್ತ್ರಿ ಬಟ್ಟೆಯವನು ಒಬ್ಬನೇ. ಅವನೂ ಬಟ್ಟೆಯ ಗಂಟನ್ನು ಹೊಸಿಲ ಹೊರಗಿಟ್ಟು, ಗಂಟೆ ಒತ್ತಿ ಓಡಿಹೋದ.

ಎರಡನೆಯ ದಿನವೂ ಅದೇ ಕಥೆ. ಫೋನು ಮಾಡಿದರೆ ಒಬ್ಬರಿಗೆ ಮಂಡಿನೋವು, ಒಬ್ಬರ ಮನೆಗೆ ನೆಂಟರು. ಶ್ರೀಪ್ರಿಯಾಳ ಗೆಳತಿಯರಿಗೆ ಒಟ್ಟಿಗೇ ಪರೀಕ್ಷೆ. ರಾಯರಿಗೆ ಬೆಳಿಗ್ಗೆ ಸುಂಡಲ್, ಡಬ್ಬಿಗೆ ಸುಂಡಲ್, ಸಂಜೆ ಸುಂಡಲ್. ಹೊಟ್ಟೆ ತಮಟೆಯಾಯಿತು.

“ಹೆದರುಪುಕ್ಕಲು ಊರು!” ಎಂದು ಗುಡುಗಿದರು ರಾಯರು. “ಬರದಿದ್ದರೆ ಬಿಡಲಿ. ನಮಗೇನು ನಷ್ಟ?”

ಲಕ್ಷ್ಮೀಬಾಯಿಯವರು ರೇಷ್ಮೆ ಸೀರೆ ಬಿಚ್ಚಿ ಮಡಿಸುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ರಾಯರು ನೋಡಿದರು. ಅವರಿಗೆ ನಿಜವಾಗಿಯೂ ಕಸಿವಿಸಿಯಾಯಿತು.

ಮೂರನೆಯ ಸಂಜೆ ಬಾಗಿಲ ಗಂಟೆ ಸದ್ದಾಯಿತು. ಮಹಡಿಯ ಮೇಲಿನ ಸುಮತಿ ಮಾಮಿ. ನಿವೃತ್ತ ಹೆಡ್‌ಮಿಸ್ಟ್ರೆಸ್ಸು, ಫ್ಲ್ಯಾಟುಗಳ ಅಸೋಸಿಯೇಷನ್ನಿಗೆ ಸೆಕ್ರೆಟರಿ. ಮೂವತ್ತು ವರ್ಷದ ನೆರೆಹೊರೆಯಿಂದ ಅವರಿಗೆ ಕನ್ನಡ ಅರೆಬರೆ ಬರುತ್ತಿತ್ತು. ಮೂಗಿನಿಂದ ಗದ್ದದವರೆಗೆ ಹಸಿರು ಮಾಸ್ಕು. ಒಳಗೆ ಬನ್ನಿ ಎಂದರೆ ಒಂದು ಹೆಜ್ಜೆ ಹಿಂದೆ ಸರಿದರು.

“ಇಲ್ಲ ಲಕ್ಷ್ಮೀ, ಇಲ್ಲಿಂದಲೇ ವಿಚಾರಿಸಿ ಹೋಗೋಣಾಂತ ಬಂದೆ. ಸಾರ್‌ಗೆ ಇಪ್ಪೋ ಹೇಗಿದೆ?”

“ಅವರಿಗೇನಾಗಿದೆ ಮಾಮಿ?”

“ಐಯ್ಯೋ ಪಾವಂ, ನಿನಗೂ ಹೇಳಲಿಲ್ಲವಾ? ಹತ್ತು ದಿನದಿಂದ ಬಸ್ಸಿನಲ್ಲಿ ಒರೇ ಸೀನು! ನಾನು ಲೇಡೀಸ್ ಸೀಟಿನಲ್ಲೇ ಕೂತಿದ್ದೆ. ನನ್ನ ಮುಖ ನೋಡಿಯೇ ಸೀನಿದರು, ಗುರುತು ಸಿಗಲಿಲ್ಲ. ಬ್ಯಾಂಕಿನಲ್ಲಿ ಸೀನಿದ್ದನ್ನ ಮೂರನೇ ಬ್ಲಾಕಿನವರು ನೋಡಿದಾರೆ. ಹಾಲಿನ ಬೂತಿನಲ್ಲಿ...”

ಲಕ್ಷ್ಮೀಬಾಯಿಯವರು ನಿಧಾನವಾಗಿ ಗಂಡನ ಕಡೆ ತಿರುಗಿದರು. ಆ ನೋಟಕ್ಕೆ ಹಂದಿ ಜ್ವರವೂ ಹೆದರಿ ಓಡಬೇಕು.

ರಾಯರ ಪಾಡು ಅಡಕೊತ್ತಿನಲ್ಲಿ ಸಿಕ್ಕ ಅಡಕೆಯಾಯಿತು. ಸೀನು ಸುಳ್ಳು ಎಂದರೆ ಮಾನ ಹೋಗುತ್ತದೆ. ನಿಜ ಎಂದರೆ ಉಳಿದ ಆರು ದಿನವೂ ಮನೆಗೆ ನರಪಿಳ್ಳೆ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ಬುದ್ಧಿವಂತರು ಬಾಯಿ ಮುಚ್ಚುತ್ತಾರೆ. ರಾಯರು ಎದೆ ಉಬ್ಬಿಸಿದರು.

“ಯಾರಿಗೆ ಮಾಮಿ ಜ್ವರ? ನನಗಾ? ಹತ್ತು ದಿನ ಸೀನಿದೆ ಅಂತ ನೀವೇ ಲೆಕ್ಕ ಹೇಳ್ತೀರಲ್ಲ, ಏನಾಯ್ತು ನನಗೆ? ಕಲ್ಲುಗುಂಡಿನ ಹಾಗೆ ನಿಂತಿಲ್ವಾ? ನಮ್ಮ ಮನೇಗೆ ನಿಮ್ಮ ಪನ್ನಿ ಕಾಯ್ಚಲ್, ಆ ಹಂದಿ ಜ್ವರ, ಬರೋಕೆ ಅದಕ್ಕೆಷ್ಟು ಧೈರ್ಯ! ಅಲ್ಲಿ ನೋಡಿ, ಎರಡನೇ ಮೆಟ್ಟಿಲಲ್ಲಿ, ಮೂರನೇ ಬೊಂಬೆ! ಹಂದಿಕುಲಕ್ಕೆಲ್ಲ ಚಕ್ರವರ್ತಿ ನಿಂತಿದಾನೆ. ಭೂಮಿನೇ ಎತ್ತಿದೋನು, ಒಂದು ಜ್ವರಾನ ಎತ್ತಿ ಬಿಸಾಕಲ್ವಾ?”

ಮಾಮಿ ಹೊಸಿಲ ಆಚೆಯಿಂದಲೇ ಕತ್ತು ಉದ್ದ ಮಾಡಿ ವರಾಹಸ್ವಾಮಿಯನ್ನು ನೋಡಿದರು. ಸ್ವಾಮಿ ಎಂ-ಸೀಲಿನ ಮೂತಿ ಎತ್ತಿ ನಕ್ಕ. ಮಾಮಿ ಎರಡೂ ಕೆನ್ನೆ ಬಡಿದುಕೊಂಡು ಮೆಟ್ಟಿಲು ಹತ್ತಿಹೋದರು.

ಬಾಗಿಲು ಹಾಕಿದ ಮೇಲೆ ನಡೆದ ವಿಚಾರಣೆ ಚಿಕ್ಕದಾಗಿತ್ತು.

“ನಿಜ ಹೇಳಿ. ಏತಕ್ಕೆ ಸೀನಿದಿರಿ?”

“...ಸೀಟಿಗೆ.”

“ಏನು?”

“ಸೀನಿದರೆ ಸೀಟು ಬಿಡ್ತಾರೆ ಕಣೇ. ಕಿಟಕಿ ಪಕ್ಕದ್ದು.”

“ಒಂದು ಸೀಟಿಗೋಸ್ಕರ ನನ್ನ ಬೊಂಬೇನ ಮಣ್ಣು ಮಾಡಿದಿರಲ್ಲ!” ಎಂದರು ಲಕ್ಷ್ಮೀಬಾಯಿ. ಬೈಗುಳವಾಗಿದ್ದರೆ ರಾಯರು ಎದುರು ಹೇಳುತ್ತಿದ್ದರು. ಅದು ಬೈಗುಳವಾಗಿರಲಿಲ್ಲ.

*

ನಾಲ್ಕನೆಯ ಸಂಜೆ ಐದು ಗಂಟೆಗೆ ಸುಮತಿ ಮಾಮಿಯೇ ಬಂದರು. ಜೊತೆಗೆ ಮೂರನೇ ಬ್ಲಾಕಿನ ಇಬ್ಬರು. ಎಲ್ಲರ ಕೈಯಲ್ಲೂ ಕೆಂಪು ದಾಸವಾಳ. ನೇರವಾಗಿ ವರಾಹಸ್ವಾಮಿಯ ಮುಂದೆ ನಿಂತು ಕೈಮುಗಿದರು. ಹೋಗುವಾಗ ಮಾಮಿ ಲಕ್ಷ್ಮೀಬಾಯಿಯವರ ಕಿವಿಯಲ್ಲಿ, “ಸ್ವಾಮಿ ಮಹಿಮೆ ಯಾರಿಗೂ ಹೇಳಿಲ್ಲ ಲಕ್ಷ್ಮೀ, ಬೇಕಾದವರು ಮೂರು ಜನಕ್ಕೆ ಮಾತ್ರ” ಎಂದರು.

ಬೇಕಾದ ಆ ಮೂರು ಜನಕ್ಕೂ ಬೇಕಾದವರು ಮೂರು ಮೂರು ಜನ ಇದ್ದರು. ಏಳು ಗಂಟೆಗೆ ಹಾಲು ತುಂಬಿತು. ಐದನೆಯ ಸಂಜೆ ಕ್ಯೂ ಮೆಟ್ಟಿಲಿಳಿದು ಗೇಟು ದಾಟಿತು. ಚಪ್ಪಲಿಗಳ ರಾಶಿ ಮೊದಲ ಮಹಡಿಯ ಎತ್ತರಕ್ಕೇರುವ ಲಕ್ಷಣ ತೋರಿತು. ಊರ ಆ ತುದಿಯ ವೇಲಚೇರಿಯಿಂದ ಒಬ್ಬ ಆಟೋದವನು ತಾಯಿಯನ್ನೂ ಅತ್ತೆಯನ್ನೂ ಒಟ್ಟಿಗೆ ಕರೆತಂದ. ಸುದ್ದಿಯ ಮಹಿಮೆಗೆ ಬೇರೆ ಸಾಕ್ಷಿ ಬೇಕೇ? ಕೆಲವರು ಮಾಸ್ಕನ್ನೇ ತಂದು ಸ್ವಾಮಿಯ ಪಾದಕ್ಕೆ ಮುಟ್ಟಿಸಿ ಕಟ್ಟಿಕೊಂಡರು. ಸುಮತಿ ಮಾಮಿ ಹಸಿರು ಬಟ್ಟೆಯಲ್ಲಿ ಹೆಬ್ಬೆರಳು ಗಾತ್ರದ ಮಾಸ್ಕ್ ಹೊಲಿದು ತಂದು ವರಾಹಸ್ವಾಮಿಗೇ ಕಟ್ಟಿಬಿಟ್ಟರು. “ಪಾವಂ, ದಿನಾ ಎಷ್ಟು ಜನ ಬಂದು ಮುಖದ ಮೇಲೆ ಉಸಿರು ಬಿಡ್ತಾರೆ!”

ಹೀಗೆ ಆ ಮನೆಯಲ್ಲಿ ಮಾಸ್ಕ್ ಹಾಕದೆ ಉಳಿದ ಪುರುಷ ತಿರುಮಲೇಶರಾಯರು ಒಬ್ಬರೇ ಆದರು.

ಕಥೆಯೂ ಬಾಯಿಂದ ಬಾಯಿಗೆ ಬೆಳೆದಿತ್ತು. ಮನೆಯ ಯಜಮಾನರಿಗೆ ಹತ್ತು ದಿನ ಹಂದಿ ಜ್ವರವಿತ್ತಂತೆ. ಡಾಕ್ಟರುಗಳು ಕೈಬಿಟ್ಟಿದ್ದರಂತೆ. ಬೊಂಬೆ ಕೂರಿಸಿದ ದಿನವೇ ಸೀನು ನಿಂತಿತಂತೆ.

ರಾಯರಿಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ನುಗ್ಗಿದರು. “ಗುಂಪಿಗೆ ಹೋಗಬೇಡೀಂತ ಪೇಪರ್‌ನಲ್ಲಿ ದಿನಾ ಬರೀತಿದಾರೆ. ಗುಂಪಿಗೆ ಹೆದರಿ ಇಲ್ಲಿಗೆ ಗುಂಪಾಗಿ ಬರ್ತಿದಾರಲ್ಲೇ! ಮೂಗಿಗೆ ಮಾಸ್ಕಂತೆ, ಸುಂಡಲ್ ಕಂಡ ಕೂಡಲೆ ತೆಗೆದು ಜೇಬಿಗಂತೆ! ನಾನು ಈಗಲೇ ಹೋಗಿ ನಿಜ ಹೇಳ್ತೀನಿ.”

“ಹೇಳಿ. ನಾನೇನು ಬೇಡ ಅನ್ನಲ್ಲ” ಎಂದರು ಲಕ್ಷ್ಮೀಬಾಯಿ. ಹೊಸ ಬಕೆಟ್ಟಿನಲ್ಲಿ ಕಡಲೆ ನೆನೆಹಾಕುತ್ತಿದ್ದರು; ಬೋಗುಣಿಯ ಕಾಲ ಮುಗಿದಿತ್ತು.

ರಾಯರು ಸ್ಟೂಲಿನ ಮೇಲೆ ಹತ್ತಿ ನಿಂತು ತಮಿಳಿನಲ್ಲಿ ಭಾಷಣ ಮಾಡಿದರು. ತಮಗೆ ಜ್ವರವೇ ಬಂದಿರಲಿಲ್ಲ, ಸೀನು ತಮಾಷೆಗೆ, ಸ್ವಾಮಿಯ ಮೂತಿ ತಾವೇ ಎಂ-ಸೀಲಿನಲ್ಲಿ ಮಾಡಿದ್ದು, ಎಲ್ಲರೂ ದಯವಿಟ್ಟು ಮನೆಗೆ ಹೋಗಬೇಕು.

ಆಮೇಲೆ ಹಿಂದಿನಿಂದ ಒಬ್ಬ ಮುದುಕಿ ಗದ್ಗದದಿಂದ, “ಎಷ್ಟು ವಿನಯ ನೋಡಿ ಮಹಾನುಭಾವರಿಗೆ!” ಎಂದಳು. ಸ್ವಾಮಿಯ ಮೂತಿಯನ್ನು ತಮ್ಮ ಕೈಯಾರೆ ಮಾಡಿದವರು ಎಂದು ತಿಳಿದ ಮೇಲೆ ನಾಲ್ಕು ಜನ ಬಂದು ರಾಯರ ಕಾಲಿಗೇ ಬಿದ್ದರು.

ಕೊನೆಗೆ ದಾರಿ ಕಂಡುಹಿಡಿದದ್ದು ಲಕ್ಷ್ಮೀಬಾಯಿಯವರೇ. ಕಿಟಕಿಗಳನ್ನೆಲ್ಲ ತೆರೆಸಿ, ಒಂದು ಸಲಕ್ಕೆ ನಾಲ್ಕೇ ಜನರನ್ನು ಬಿಟ್ಟು, ಸುಂಡಲನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ, “ಮನೆಗೆ ಹೋಗಿ ಕೈ ತೊಳೆದು ತಿಂದರೇ ಫಲ” ಎಂದು ಹೊಸ ನಿಯಮ ಹಾಕಿದರು. ಎಲ್ಲರೂ ಚಾಚೂ ತಪ್ಪದೆ ಪಾಲಿಸಿದರು. ಸರ್ಕಾರ ತಿಂಗಳುಗಟ್ಟಲೆ ಹೇಳಿದ್ದನ್ನೇ ಅವರು ಕುಂಕುಮ ಹಚ್ಚಿ ಹೇಳಿದ್ದರು, ಅಷ್ಟೇ.

“ನಾನೇನು ದಡ್ಡಿಯಾ?” ಎಂದರು ಗಂಡನಿಗೆ. “ಸ್ವಾಮಿ ಜ್ವರ ವಾಸಿ ಮಾಡ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಹೆದರಿಕೊಂಡು ಬಂದವರು ನಗ್ತಾ ಹೋಗ್ತಿದಾರೆ. ಅತ್ತೆ ಬೊಂಬೇನ ಇಷ್ಟು ಜನ ಎಂದಾದರೂ ನೋಡಿದ್ದರಾ?” ಅವರ ಮುಖದಲ್ಲಿ ಅಂಥ ಬೆಳಕನ್ನು ರಾಯರು ಬಹಳ ವರ್ಷದಿಂದ ಕಂಡಿರಲಿಲ್ಲ. ಇನ್ನು ಈ ಬೆಳಕು ಆರದಂತೆ ನೋಡಿಕೊಳ್ಳುವುದು ತಮ್ಮ ಹೊಣೆ ಎಂದು ಮನಸ್ಸಿನಲ್ಲೇ ಇನ್ನೊಂದು ಪ್ರತಿಜ್ಞೆ ಮಾಡಿದರು.

ಏಳನೆಯ ದಿನ ಮಧ್ಯಾಹ್ನ, ರಜೆ ಹಾಕಿ ಮನೆಯಲ್ಲಿದ್ದ ಅವರ ಮೂಗು ತುರಿಸಿತು.

“ಆ... ಆ... ಆಕ್ಷೀ!”

ಅಡುಗೆಮನೆಯಿಂದ ಸೌಟಿನ ಸಮೇತ ಲಕ್ಷ್ಮೀಬಾಯಿ ಓಡಿಬಂದರು. “ಇದು ಯಾವ ಸೀಟಿಗೆ?”

“ಇದು ನಿಜವಾದ್ದು ಕಣೇ” ಎಂದರು ರಾಯರು ಮೂಗಿನಲ್ಲಿ. ಡಾಕ್ಟರು ನೋಡಿ, ಜ್ವರವಿಲ್ಲ, ಗಂಟಲು ಸರಿಯಾಗಿದೆ, ಬರೀ ನೆಗಡಿ ಎಂದರು. ಅಣ್ಣಾ ನಗರದ ನೆಗಡಿಯೋ ವೇಲಚೇರಿಯದೋ, ಅದನ್ನು ಮಾತ್ರ ಹೇಳಲಿಲ್ಲ.

“ಅಪ್ಪಾ, ಮಾಸ್ಕ್ ಹಾಕ್ಕೊಂಡು ರೂಮಲ್ಲಿ ಇರುಪ್ಪಾ” ಎಂದಳು ಶ್ರೀಪ್ರಿಯಾ.

“ಮಾಸ್ಕಾ? ಈ ಜನ್ಮದಲ್ಲಿಲ್ಲ! ಆ... ಆಕ್ಷೀ!”

“ರೂಮಿಂದ ಹಾಲಿಗೆ ಕೇಳಿಸತ್ತೆ” ಎಂದರು ಲಕ್ಷ್ಮೀಬಾಯಿ. “ವರಾಹಸ್ವಾಮಿ ಮನೆ ಯಜಮಾನರೇ ಸೀನಿದರೆ ನಾಳೆ ಒಂದು ನೊಣ ಬರತ್ತಾ ನನ್ನ ಬೊಂಬೆಗೆ? ಐದರಿಂದ ಎಂಟು ಗಂಟೆವರೆಗೆ ಎಲ್ಲಾದರೂ ಹೋಗಿ ಸೀನಿಕೊಂಡು ಬನ್ನಿ. ಮನೇಲಿ ಬೇಡ.”

ಸುಳ್ಳು ಸೀನಿಗೆ ಊರೇ ದಾರಿ ಬಿಟ್ಟಿತ್ತು. ನಿಜವಾದ ಸೀನಿಗೆ ಸ್ವಂತ ಮನೆಯಲ್ಲೇ ಜಾಗವಿಲ್ಲದಾಯಿತು.

ಹೊರಗೆ ಬಂದು ರಾಯರು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. ಬ್ರಾಡ್‌ವೇ ಬಸ್ಸು ಹತ್ತುವುದು, ಕಿಟಕಿಯ ಪಕ್ಕ ಕೂತು ಹೋಗುವುದು, ಹಾಗೆಯೇ ಕೂತು ಬರುವುದು. ಎಂಟು ಗಂಟೆಯಾಗುತ್ತದೆ. ಸೀಟಿನ ಚಿಂತೆಯೇ ಇಲ್ಲ. ಈ ಸಲ ನಟನೆಯ ಕಷ್ಟವೂ ಇಲ್ಲ!

ಬಸ್ಸು ತುಂಬಿತ್ತು. ಮೈಯೆಲ್ಲ ನೋವು, ಕಾಲು ಸೋಲುತ್ತಿತ್ತು. ರಾಯರು ಗಂಡಸರ ಸೀಟಿನ ಪಕ್ಕ ಕಂಬಿ ಹಿಡಿದು ನಿಂತು ಕರ್ಚೀಫಿನೊಳಗೆ ಸೀನಿದರು. ಯಾರೂ ಅಲುಗಲಿಲ್ಲ. ಎರಡನೆಯದು ಸೀನಿದರು, ಇಡೀ ಬಸ್ಸು ನಡುಗುವ ಹಾಗೆ. ಕಂಡಕ್ಟರು ಸೀಟಿ ಊದಿದ, ಅಷ್ಟೇ. ಆಗ ರಾಯರು ನೋಡಿದರು: ಕೂತವರಲ್ಲಿ ಅರ್ಧ ಜನರ ಮಾಸ್ಕು ಗದ್ದದಲ್ಲಿತ್ತು. ಎಲ್ಲರೂ ನಿಶ್ಚಿಂತೆಯಾಗಿದ್ದರು.

ಎದುರಿನ ಸೀಟಿನಲ್ಲಿ ರಾಯಪುರಂ ಬಂದರಿನ ಕೆಲಸದ ಒಬ್ಬ ವಯಸ್ಸಾದ ಆಳು ಕೂತಿದ್ದ. ಖಾಕಿ ಅಂಗಿ, ತೊಡೆಯ ಮೇಲೆ ಊಟದ ಕ್ಯಾರಿಯರ್. ರಾಯರನ್ನು ಕರುಣೆಯಿಂದ ನೋಡಿ ತಮಿಳಿನಲ್ಲಿ ಮಾತಿಗೆಳೆದ.

“ಏನು ಸಾರ್, ನೆಗಡಿಯಾ? ಭಯಪಡಬೇಡಿ. ಅಣ್ಣಾ ನಗರದಲ್ಲಿ ಕನ್ನಡದವರ ಮನೆ ಒಂದಿದೆ. ಅಲ್ಲಿ ವರಾಹಸ್ವಾಮಿ ಬೊಂಬೆ ಕೂರಿಸಿದಾರೆ. ಆ ಮನೆಯವರಿಗೆ ನಿಮ್ಮ ಹಾಗೇ ಸೀನು ಸಾರ್, ಹತ್ತು ದಿನ! ಒಂದೇ ದಿನದಲ್ಲಿ ನಿಂತುಹೋಯ್ತು.”

ರಾಯರು ಮೂಗೊರೆಸಿಕೊಂಡು ಕ್ಷೀಣವಾಗಿ ಕೇಳಿದರು. “ಈಗ ಅವರು ಹೇಗಿದಾರಂತೆ?”

“ಅವರಿಗೇನು ಸಾರ್! ಮನೇಲಿ ಕಾಲು ಮೇಲೆ ಕಾಲು ಹಾಕ್ಕೊಂಡು ರಾಜರ ಹಾಗೆ ಕೂತಿರ್ತಾರೆ.” ಅವನು ಕ್ಯಾರಿಯರಿನ ಪಕ್ಕದಿಂದ ಒಂದು ಪುಟ್ಟ ಪೇಪರ್ ಪೊಟ್ಟಣ ತೆಗೆದ. “ನನ್ನ ಹೆಂಡತಿ ನಿನ್ನೆ ಎರಡು ಗಂಟೆ ಕ್ಯೂನಲ್ಲಿ ನಿಂತು ತಂದಳು. ತಿನ್ನಿ ಸಾರ್. ನಂಬಿಕೆಯಿಂದ ತಿನ್ನಬೇಕು.”

ಪೊಟ್ಟಣ ಬಿಚ್ಚಿದರೆ ಕಡಲೆ ಸುಂಡಲ್. ಸಣ್ಣಗೆ ಹೆಚ್ಚಿದ ಮಾವಿನಕಾಯಿ, ಮೇಲೆ ತೆಂಗಿನತುರಿ. ಮೂಗು ಕಟ್ಟಿ ರುಚಿಯೇ ತಿಳಿಯದಿದ್ದರೂ ಅದು ಯಾರ ಕೈಯದೆಂದು ರಾಯರಿಗೆ ಕಣ್ಣಿನಲ್ಲೇ ತಿಳಿಯಿತು. ಒಂದು ಕಾಳೂ ಬಿಡದೆ ತಿಂದರು. ಬಸ್ಸು ತಿರುವಿನಲ್ಲಿ ವಾಲಿತು; ಕಾಲು ತಡವರಿಸಿತು. ಇಪ್ಪತ್ತಾರು ವರ್ಷದಲ್ಲಿ ಯಾರನ್ನೂ ಬೇಡದ ತಿರುಮಲೇಶರಾಯರು ಅಭಿಮಾನವನ್ನೆಲ್ಲ ನುಂಗಿ ಬಾಯಿಬಿಟ್ಟು ಕೇಳಿದರು.

“ಸ್ವಲ್ಪ ಸರಿದು ಜಾಗ ಕೊಡ್ತೀರಾ? ಕೂತ್ಕೋತೀನಿ.”

ಮುದುಕ ಅವರ ಬೆನ್ನು ತಟ್ಟಿ ಧೈರ್ಯ ಹೇಳಿದ. “ಏತಕ್ಕೆ ಸಾರ್? ಸುಂಡಲ್ ತಿಂದಾಯ್ತಲ್ಲ! ಇನ್ನು ಬ್ರಾಡ್‌ವೇವರೆಗೆ ನಿಂತರೂ ನಿಮಗೇನೂ ಆಗಲ್ಲ!”